ಮೈಸೂರು ಚಿತ್ರ: ಗೆಸ್ಸೊ ಬಿರುಕು ಬಿಡದಂತೆ ಹಾಕುವುದು ಹೇಗೆ?

ಮೈಸೂರು ಶೈಲಿ ಕಲಿಯುವವರು ಚಿತ್ರ ಕೆಡಿಸಿಕೊಳ್ಳುವುದು ಬಣ್ಣದಲ್ಲಲ್ಲ, ಗೆಸ್ಸೊದಲ್ಲಿ. ದೇವರ ಕಿರೀಟ, ಹಾರ, ಸೆರಗಿನ ಅಂಚು ಉಬ್ಬಿ ಕಾಣಲೆಂದು ಚಿನ್ನದ ರೇಕಿನ ಕೆಳಗೆ ಹಾಕುವ ಬಿಳಿ ಲೇಪ ಅದು. ಎಷ್ಟೋ ಒಳ್ಳೆಯ ಚಿತ್ರಗಳು ಇಲ್ಲಿ ಹಾಳಾಗಿದ್ದನ್ನು ನೋಡಿದ್ದೇನೆ.

ಮೊದಲ ಸಲಕ್ಕೆ ರಾಮ ಪಟ್ಟಾಭಿಷೇಕದಂಥ ದೊಡ್ಡ ಚಿತ್ರ ಬೇಡ. ಅಂಬೆಗಾಲಿಕ್ಕುವ ಕೃಷ್ಣ ಒಬ್ಬನೇ ಸಾಕು.

1. ಹಲಗೆಗೆ ದಪ್ಪ ಡ್ರಾಯಿಂಗ್ ಶೀಟ್ ಅಂಟಿಸಿ, ಚಿತ್ರ ಬರೆದು, ಆಕಾಶ, ಗೋಡೆ, ನೆಲದ ಬಣ್ಣ ಮುಗಿಸಿ.

2. ಈಗ ಗೆಸ್ಸೊ. ಗೋಂದನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ. ಜಿಂಕ್ ಆಕ್ಸೈಡ್ ಪುಡಿಯನ್ನು ವಸ್ತ್ರಗಾಳಿತ ಮಾಡಿ, ಸ್ವಲ್ಪ ಸ್ವಲ್ಪವೇ ಗೋಂದಿನ ನೀರಿಗೆ ಸೇರಿಸಿ ಅರೆಯಿರಿ. ಹಿಂದಿನವರು ಬಳಸುತ್ತಿದ್ದುದು ಸೀಸದ ಬಿಳಿ. ಅದು ವಿಷ, ಮನೆಯಲ್ಲಿ ಬೇಡವೇ ಬೇಡ. ಜೋರಾಗಿ ಕದಡಬೇಡಿ, ಗುಳ್ಳೆ ಬರುತ್ತದೆ. ಒಣಗಿದ ಮೇಲೆ ಆ ಗುಳ್ಳೆಯೇ ತೂತಾಗುತ್ತದೆ.

ಹದ ನೋಡಲು ಗಾಜಿನ ಮೇಲೆ ಒಂದು ಹನಿ ಬಿಡಿ. ಮುತ್ತಿನ ಹಾಗೆ ನಿಂತರೆ ಸರಿ. ಹರಡಿದರೆ ನೀರು ಜಾಸ್ತಿ. ಒಣಗಿದ ಹನಿಯನ್ನು ಬೆರಳಲ್ಲಿ ಉಜ್ಜಿದಾಗ ಪುಡಿ ಉದುರಿದರೆ ಗೋಂದು ಕಡಿಮೆ. ಬಿರುಕು ಬಿಟ್ಟರೆ ಗೋಂದು ಹೆಚ್ಚಾಗಿದೆ, ಇಲ್ಲವೇ ಲೇಪ ದಪ್ಪವಾಗಿದೆ.

ಸಣ್ಣ ಕುಂಚದ ತುದಿಯಲ್ಲಿ ಹನಿ ತುಂಬಿಕೊಳ್ಳಿ. ಕುಂಚವನ್ನು ಒತ್ತಿ ಎಳೆಯಬೇಡಿ. ಹನಿ ಮಾತ್ರ ಕಾಗದ ಮುಟ್ಟುತ್ತಾ ಸಾಗಲಿ. ಒಂದೇ ಸಲ ಎತ್ತರ ಬೇಕೆಂದು ಸುರಿದರೆ ಬಿರುಕು ಖಂಡಿತ. ತೆಳ್ಳಗೆ ಎರಡು ಮೂರು ಸಲ ಹಾಕಿ. ಪ್ರತಿ ಸಲವೂ ನೆರಳಲ್ಲಿ ಪೂರ್ತಿ ಒಣಗಲಿ. ಫ್ಯಾನಿನ ಕೆಳಗೂ ಇಡಬೇಡಿ, ಬಿಸಿಲಲ್ಲೂ ಇಡಬೇಡಿ.

ಅಂಗಡಿಯಲ್ಲಿ ಸಿಗುವ ಉಬ್ಬುಗೆರೆಯ ಟ್ಯೂಬ್ ಬಳಸಿದರೆ ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಗೆರೆ ದಪ್ಪ. ತಂಜಾವೂರಿನ ಚಿತ್ರದಲ್ಲಿ ಉಬ್ಬು ಎತ್ತರ, ಕಲ್ಲು ಕೂರಿಸುವುದೂ ಉಂಟು. ನಮ್ಮದು ಹಾಗಲ್ಲ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ಹಳೆಯ ಚಿತ್ರಗಳನ್ನು ಪಕ್ಕದಿಂದ ನೋಡಿ. ಗೆರೆ ಎಷ್ಟು ತೆಳುವಾಗಿ ಎದ್ದಿದೆ ಎಂದು ಗೊತ್ತಾಗುತ್ತದೆ.

3. ಗೆಸ್ಸೊ ಮೇಲೆ ಅಂಟು ಹಚ್ಚಿ. ಅದು ಬೆರಳಿಗೆ ಅಂಟಿಯೂ ಅಂಟದ ಹಾಗಿರುವಾಗ ರೇಕು ಇಟ್ಟು, ಹತ್ತಿಯಿಂದ ಮೆಲ್ಲಗೆ ಒತ್ತಿ. ರೇಕು ಅಸಲಿ ಚಿನ್ನದ್ದೇ ಇರಲಿ. ಅಗ್ಗದ ಹಿತ್ತಾಳೆ ರೇಕು ಬರಬರುತ್ತಾ ಕಪ್ಪಾಗುತ್ತದೆ. ದುಡ್ಡು ಸಾಲದಿದ್ದರೆ ಚಿತ್ರ ಚಿಕ್ಕದು ಮಾಡಿ.

4. ಕೊನೆಗೆ ಮೈಬಣ್ಣ, ಬಟ್ಟೆ, ಮುಖ. ಕಣ್ಣು ಬರೆಯುವುದನ್ನು ಬೆಳಗಿನ ಬೆಳಕಿಗೆ ಇಟ್ಟುಕೊಳ್ಳಿ.