ಪದ್ಯದ ಸಾಲಿನಿಂದ ಎಚಿಂಗ್: ತಾಮ್ರದ ಮೇಲೆ ರಾತ್ರಿ ಮೂಡಿಸುವುದು ಹೇಗೆ?

ತಗಡಿನ ಮೇಲೆ ಆಮ್ಲದಿಂದ ಗೆರೆ ಕೊರೆದು, ಮಸಿ ತುಂಬಿ ಕಾಗದಕ್ಕೆ ಒತ್ತುವ ಅಚ್ಚು ಚಿತ್ರವೇ ಎಚಿಂಗ್. ಇಂಗ್ಲೆಂಡಿನ ಚಿತ್ರಕಾರ ಸ್ಯಾಮ್ಯುಯೆಲ್ ಪಾಮರ್ 1879ರಲ್ಲಿ ‘ದಿ ಲೋನ್ಲಿ ಟವರ್’ (ಒಂಟಿ ಗೋಪುರ) ಎಂಬ ಎಚಿಂಗ್ ಮಾಡಿದರು. ಮಿಲ್ಟನ್ ಕವಿಯ ‘ಇಲ್ ಪೆನ್ಸೆರೋಸೊ’ ಕವನಕ್ಕೆ ಬರೆದ ಚಿತ್ರವದು. ರಾತ್ರಿಯನ್ನು ಇಷ್ಟು ಚೆನ್ನಾಗಿ ಹಿಡಿದ ಅಚ್ಚು ಚಿತ್ರ ಬಹಳ ಅಪರೂಪ. ಎಚಿಂಗ್ ಕಲಿಯುವವರು ಇದನ್ನೇ ಮುಂದಿಟ್ಟುಕೊಂಡು ಕಲಿಯಬಹುದು.

ಮೊದಲು ಪದ್ಯ ಓದಿ, ನಿಧಾನವಾಗಿ. ನಡುರಾತ್ರಿ ಎತ್ತರದ ಒಂಟಿ ಗೋಪುರದಲ್ಲಿ ನನ್ನ ದೀಪ ಕಾಣಲಿ, ಸಪ್ತರ್ಷಿ ಮಂಡಲ ಮರೆಯಾಗುವವರೆಗೂ ನಾನು ಎಚ್ಚರವಿರಲಿ ಎನ್ನುತ್ತಾನೆ ಕವಿ. ಇಂಗ್ಲೆಂಡಿನಲ್ಲಿ ಆ ನಕ್ಷತ್ರಗಳು ಮುಳುಗುವುದೇ ಇಲ್ಲ. ಅಂದರೆ ಬೆಳಗಾಗುವ ತನಕ! ದೀಪ ಕಾಣಬೇಕು ಸರಿ, ಆದರೆ ಯಾರಿಗೆ? ಪಾಮರ್ ಇದಕ್ಕೆ ಉತ್ತರ ಕೊಟ್ಟರು. ಕೆಳಗೆ ಕುರಿ ಕಾಯುವವರನ್ನು ಕೂರಿಸಿ, ಅವರ ಮುಖವನ್ನು ಗೋಪುರದ ಕಡೆ ತಿರುಗಿಸಿದರು. ಒಂದು ಎತ್ತಿನ ಗಾಡಿಯನ್ನೂ ಸೇರಿಸಿದರು. ಪದ್ಯಕ್ಕೆ ಚಿತ್ರ ಬರೆಯುವುದೆಂದರೆ ಇದೇ ಅಲ್ವಾ?

ಈಗ ತಾಮ್ರದ ತಗಡನ್ನು ಹೊಳೆಯುವಂತೆ ಉಜ್ಜಿ. ಅಂಚುಗಳನ್ನು ಅರದಿಂದ ಓರೆ ಮಾಡಿ, ಇಲ್ಲದಿದ್ದರೆ ಕಾಗದ ಹರಿಯುತ್ತದೆ. ತಗಡನ್ನು ಬಿಸಿ ಮಾಡಿ ಮೇಣ, ರಾಳ, ಆಸ್ಫಾಲ್ಟಮ್ (ಡಾಂಬರಿನಂಥ ಕಪ್ಪು ವಸ್ತು) ಬೆರೆಸಿದ ಲೇಪ ಹಚ್ಚಿ, ಮೇಣದಬತ್ತಿಯ ಹೊಗೆ ಹಿಡಿಸಿ. ಈ ಕಪ್ಪಿನ ಮೇಲೆ ಸೂಜಿಯಿಂದ ಗೀರಿದರೆ ತಾಮ್ರ ಥಳಥಳ ಹೊಳೆಯುತ್ತದೆ. ತಾಮ್ರವನ್ನೇ ಕೊರೆಯಬೇಡಿ, ಲೇಪ ಎದ್ದು ಬಂದರೆ ಸಾಕು. ಅಚ್ಚಿನಲ್ಲಿ ಚಿತ್ರ ತಿರುಗುಮುರುಗಾಗುತ್ತದೆ, ಹಾಗಾಗಿ ಅದನ್ನು ಎಡಬಲ ತಿರುಗಿಸಿಯೇ ಬರೆಯಬೇಕು.

ಮುಂದಿನ ಕೆಲಸ ಆಮ್ಲದ್ದು. ಲೇಪವಿಲ್ಲದ ಗೆರೆಗಳಲ್ಲಿ ಮಾತ್ರ ಅದು ತಾಮ್ರವನ್ನು ತಿನ್ನುತ್ತದೆ. ಹಳಬರು ನೈಟ್ರಿಕ್ ಆಮ್ಲ ಬಳಸುತ್ತಿದ್ದರು. ನೀವು ಅದರ ಬದಲು ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣದ ದ್ರಾವಣ ಬಳಸಿ. ಕೈಗವಸು, ಕನ್ನಡಕ ಹಾಕಿಕೊಂಡು, ಗಾಳಿಯಾಡುವ ಕಡೆ, ತಿಳಿದವರ ಜೊತೆಗೇ ಮಾಡಿ. ತಗಡನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದು ತೊಳೆದು, ತೆಳುವಾಗಿ ಕಾಣಬೇಕಾದ ಗೆರೆಗಳನ್ನು ವಾರ್ನಿಶ್‌ನಿಂದ ಮುಚ್ಚಿ. ಮತ್ತೆ ಅದ್ದಿ, ಮತ್ತೆ ಮುಚ್ಚಿ. ಜಾಸ್ತಿ ಹೊತ್ತು ಆಮ್ಲ ತಿಂದ ಗೆರೆ ಆಳವಾಗುತ್ತದೆ, ಹೆಚ್ಚು ಮಸಿ ಹಿಡಿಯುತ್ತದೆ. ಬೆಳದಿಂಗಳಿಗೂ ಮರದ ನೆರಳಿಗೂ ನಡುವಿನ ಅಷ್ಟೂ ಛಾಯೆಗಳು ಹುಟ್ಟುವುದು ಇಲ್ಲೇ. ಅವಸರ ಬೇಡ.

ಪಾಮರ್ ಅವರ ಗುಟ್ಟು ಇನ್ನೊಂದಿದೆ. ಎಷ್ಟೇ ಗಾಢವಾದ ನೆರಳಿರಲಿ, ಒತ್ತೊತ್ತಾದ ಗೆರೆಗಳ ಸಂದಿಯಲ್ಲಿ ಚುಕ್ಕಿಯಷ್ಟು ಜಾಗವನ್ನು ಅವರು ಖಾಲಿ ಬಿಡುತ್ತಿದ್ದರು. ಅಲ್ಲಿಂದ ಕಾಗದದ ಬಿಳಿ ಮಿನುಗುತ್ತದೆ. ಅವನ್ನು ಇಣುಕಿ ನೋಡುವ ಸಾವಿರ ಪುಟ್ಟ ಕಣ್ಣುಗಳು ಎಂದು ಅವರೇ ಕರೆದಿದ್ದರು. ನೀವೂ ನೆರಳನ್ನು ಪೂರ್ತಿ ತುಂಬಿಸಿಬಿಡಬೇಡಿ. ತುಂಬಿದರೆ ಅದು ರಾತ್ರಿಯಾಗುವುದಿಲ್ಲ, ಬರೀ ಮಸಿಯಾಗುತ್ತದೆ.

ಕೊನೆಗೆ ಲೇಪ ತೆಗೆದು, ಗೆರೆಗಳೊಳಗೆ ಮಸಿ ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ. ಒದ್ದೆ ಕಾಗದ ಹೊದಿಸಿ ಉರುಳೆ ಪ್ರೆಸ್ಸಿನಲ್ಲಿ ಒತ್ತಿ. ಮೊದಲ ಪ್ರತಿ ಮನಸ್ಸಿಗೆ ಒಪ್ಪದಿದ್ದರೆ ಮತ್ತೆ ಲೇಪ ಹಚ್ಚಿ ತಿದ್ದಿ. 1850ರಲ್ಲಿ ಎಚಿಂಗ್ ಶುರು ಮಾಡಿದ ಪಾಮರ್, 1881ರಲ್ಲಿ ತೀರಿಕೊಳ್ಳುವವರೆಗೆ ಮುಗಿಸಿದ್ದು 13 ತಗಡುಗಳನ್ನು ಮಾತ್ರ.