ಸೋರಿಯಾಸಿಸ್ ಮತ್ತು ಮಂಡ್ಯದ ಊಟ: ನನ್ನ ಅನುಭವ

ಮಂಡ್ಯದ ಕಡೆ ಚರ್ಮದ ಮೇಲೆ ಏನೇ ಎದ್ದರೂ ಮೊದಲು ಕೇಳಿಬರುವುದು ನಂಜಿನ ಮಾತು. ನನಗಿರುವುದು ಚರ್ಮದ ಮೇಲೆ ಹೊಟ್ಟೇಳುವ ಮಚ್ಚೆಗಳು ಮೂಡುವ ಸೋರಿಯಾಸಿಸ್ ಎಂಬ ಕಾಯಿಲೆ ಎಂದು ಚರ್ಮರೋಗ ತಜ್ಞರು ಖಚಿತಪಡಿಸಿದ ಮೇಲೂ ಬಂಧುಗಳು ಬದನೆಕಾಯಿ, ಕಡಲೆಕಾಯಿ, ಒಣಮೀನು, ಕೋಳಿ ಎಲ್ಲವನ್ನೂ ಬಿಡುವಂತೆ ಪ್ರೀತಿಯಿಂದಲೇ ಒತ್ತಾಯಿಸಿದರು. ಅಷ್ಟನ್ನೂ ಒಟ್ಟಿಗೆ ಬಿಟ್ಟರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಆದ್ದರಿಂದ ವೈದ್ಯರು ಬರೆದುಕೊಟ್ಟ ಔಷಧ, ಮುಲಾಮುಗಳನ್ನು ನಿಲ್ಲಿಸದೆ, ಒಂದು ಸಲಕ್ಕೆ ಒಂದೇ ಪದಾರ್ಥವನ್ನು ಕೆಲವು ವಾರ ಬಿಟ್ಟು, ಮತ್ತೆ ಸೇರಿಸಿ, ಮಚ್ಚೆಗಳ ಫೋಟೋ ತೆಗೆದು ಬರೆದಿಟ್ಟುಕೊಳ್ಳುತ್ತಾ ಬಂದೆ. ಚಳಿಗಾಲದಲ್ಲಿ ಈ ಕಾಯಿಲೆ ಹೆಚ್ಚುವುದುಂಟು, ಗಂಟಲು ಸೋಂಕಿನಿಂದ ಕೆರಳುವುದೂ ಉಂಟು. ಅವನ್ನು ಗುರುತು ಹಾಕಿಕೊಳ್ಳದಿದ್ದರೆ ನಿನ್ನೆ ತಿಂದ ಬದನೆಕಾಯಿಯ ಮೇಲೆ ತಪ್ಪು ಹೊರಿಸುವುದು ಬಹಳ ಸುಲಭ.

ಬದನೆಕಾಯಿ, ಕಡಲೆಕಾಯಿಗಳಿಂದ ನನ್ನಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಎದ್ದು ಕಂಡದ್ದು ತೂಕ ಮತ್ತು ಮದ್ಯ. ಈ ಕಾಯಿಲೆಯಲ್ಲಿ ರೋಗನಿರೋಧಕ ವ್ಯವಸ್ಥೆ ಕೆರಳಿ, ಸುಮಾರು ಒಂದು ತಿಂಗಳಲ್ಲಿ ಹೊಸದಾಗಬೇಕಾದ ಹೊರಚರ್ಮ ಕೆಲವೇ ದಿನಗಳಲ್ಲಿ ಬೆಳೆದು ಪದರ ಪದರವಾಗಿ ಕೂಡಿಕೊಳ್ಳುತ್ತದೆ. ಹೊಟ್ಟೆಯ ಸುತ್ತ ಸೇರಿದ ಕೊಬ್ಬು ಕೂಡ ಟಿಎನ್‌ಎಫ್‌ನಂತಹ ಉರಿಯೂತಕಾರಕಗಳನ್ನು ಸ್ರವಿಸಿ ಅದೇ ಕೆರಳಿಕೆಗೆ ಕುಮ್ಮಕ್ಕು ಕೊಡುತ್ತದೆ. ಅಮೆರಿಕದ ನ್ಯಾಷನಲ್ ಸೋರಿಯಾಸಿಸ್ ಫೌಂಡೇಶನ್‌ನ ವೈದ್ಯಕೀಯ ಮಂಡಳಿ 2018ರ ಆಹಾರ ಶಿಫಾರಸುಗಳಲ್ಲಿ ಬಲವಾಗಿ ಹೇಳಿದ್ದು ಇದನ್ನೇ: ಅಧಿಕ ತೂಕದವರು ಕಡಿಮೆ ಕ್ಯಾಲೊರಿಯ ಊಟದಿಂದ ತೂಕ ಇಳಿಸಬೇಕು.

ಇದಕ್ಕೆ ಪರದೇಶದ ಆಹಾರವೇನೂ ಬೇಕಾಗಲಿಲ್ಲ. ಮುದ್ದೆ ಬಿಡಲಿಲ್ಲ, ಗಾತ್ರ ಇಳಿಸಿದೆ; ಮುದ್ದೆ ಮುಗಿದ ಮೇಲೆ ಅನ್ನ ಬಡಿಸಿಕೊಳ್ಳುವ ರೂಢಿಯನ್ನು ರಾತ್ರಿ ಕೈಬಿಟ್ಟೆ. ಹುರುಳಿಕಾಳಿನ ಬಸ್ಸಾರು, ಪಲ್ಯ, ದಂಟು, ಕೀರೆಸೊಪ್ಪಿನ ಮಸ್ಸೊಪ್ಪು ಹೆಚ್ಚಾದವು. ಸಂಜೆಯ ವಡೆ ಮತ್ತು ಸಕ್ಕರೆ ಹಾಕಿದ ಕಾಫಿ ನಿಂತವು. ಕಬ್ಬು ಬೆಳೆಯುವ ನಮ್ಮ ನಾಡಿನಲ್ಲಿ ಬೆಲ್ಲವನ್ನು ಔಷಧವೆಂದು ನಂಬುವವರಿದ್ದಾರೆ, ಆದರೆ ತೂಕದ ಲೆಕ್ಕದಲ್ಲಿ ಅದೂ ಸಕ್ಕರೆಯೇ. ಬಾಡೂಟಕ್ಕೆ ಈಗಲೂ ಹೋಗುತ್ತೇನೆ, ಅದರ ಜೊತೆಗಿನ ಕುಡಿತ ಮಾತ್ರ ಪೂರ್ತಿ ನಿಂತಿದೆ. ಸೋರಿಯಾಸಿಸ್‌ಗೆ ಕೊಡುವ ಮೆಥೋಟ್ರೆಕ್ಸೇಟ್ ಎಂಬ ಔಷಧ ತೆಗೆದುಕೊಳ್ಳುವವರಿಗಂತೂ ಮದ್ಯ ಯಕೃತ್ತಿಗೂ ಅಪಾಯ.

ಗೋಧಿ ಬಿಡಬೇಕೇ ಎಂದು ಅನೇಕರು ಕೇಳುತ್ತಾರೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಬಿಡುವುದರಿಂದ ಪ್ರಯೋಜನ ನಿರೀಕ್ಷಿಸಬಹುದಾದದ್ದು ಸೀಲಿಯಾಕ್ ಕಾಯಿಲೆ (ಗ್ಲುಟೆನ್‌ನಿಂದ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ) ಇರುವವರು ಅಥವಾ ರಕ್ತದಲ್ಲಿ ಅದರ ಪ್ರತಿಕಾಯಗಳು ಕಂಡವರು ಮಾತ್ರ. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ನನ್ನ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಚಪಾತಿ ಉಳಿಯಿತು.

ತೂಕ 86 ಕೆಜಿಯಿಂದ 78ಕ್ಕೆ ಇಳಿಯುವ ಹೊತ್ತಿಗೆ ಬೆನ್ನಿನ ಮಚ್ಚೆಗಳು ಅಡಗಿದವು, ಮೊಣಕೈಯವು ತೆಳುವಾದವು, ನೆತ್ತಿಯದು ಮಾತ್ರ ಮುಲಾಮಿಗಲ್ಲದೆ ಬಗ್ಗಲಿಲ್ಲ. ಬೆರಳ ಗಂಟುಗಳಲ್ಲಿ ಊತವೋ ಬೆಳಗಿನ ಬಿಗಿತವೋ ಕಂಡವರು ಅದಕ್ಕೆ ಊಟದಲ್ಲಿ ಪರಿಹಾರ ಹುಡುಕುತ್ತಾ ಕೂರದೆ ಕೂಡಲೇ ವೈದ್ಯರನ್ನು ಕಾಣಬೇಕು, ಏಕೆಂದರೆ ಅದು ಕೀಲುಗಳಿಗೆ ಇಳಿದ ಸೋರಿಯಾಸಿಸ್ ಇರಬಹುದು, ಮತ್ತು ಒಮ್ಮೆ ಸವೆದುಹೋದ ಕೀಲನ್ನು ಯಾವ ಪಥ್ಯವೂ ಸರಿಪಡಿಸುವುದಿಲ್ಲ.