4 ಜಿಬಿಯ ಆಚೆಗಿನ ವಿಳಾಸಕ್ಕೆ ಎಂಎಸ್‌ಐ ತಲುಪಿಸಿದ್ದು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲ್ಯಾಬಿನಲ್ಲಿ ಎಫ್‌ಪಿಜಿಎ (ಒಳಗಿನ ಲಾಜಿಕ್ಕನ್ನು ನಾವೇ ಬರೆಯಬಹುದಾದ ಚಿಪ್) ಇರುವ ಪಿಸಿಐಇ ಕಾರ್ಡಿಗೆ ಲಿನಕ್ಸ್ ಡ್ರೈವರ್ ಬರೆದೆವು. ಇಂಟೆಲ್ ಪಿಸಿಯಲ್ಲಿ ಇಂಟರಪ್ಟ್, ಅಂದರೆ ಕಾರ್ಡು ಪ್ರೊಸೆಸರನ್ನು ಕರೆಯುವ ಸಂಕೇತ, ಸಲೀಸಾಗಿ ಬಂತು. 64 ಬಿಟ್ ಆರ್ಮ್ ಬೋರ್ಡಿನಲ್ಲಿ ಎಣಿಕೆ 0, ಕರ್ನಲ್ ಲಾಗಿನಲ್ಲೂ ಏನಿಲ್ಲ.

ಎಂಎಸ್‌ಐ (ಮೆಸೇಜ್ ಸಿಗ್ನಲ್ಡ್ ಇಂಟರಪ್ಟ್) ಅಂದರೆ ಒಂದು ವಿಳಾಸಕ್ಕೆ ಕಾರ್ಡು ಮಾಡುವ ಮೆಮೊರಿ ರೈಟ್, ಅಷ್ಟೇ. ಇಂಟೆಲ್‌ನಲ್ಲಿ ಆ ವಿಳಾಸ 4 ಜಿಬಿಯ ಕೆಳಗೇ ಇರುವುದರಿಂದ ಮೇಲಿನ 32 ಬಿಟ್ ಸೊನ್ನೆ. ಅದನ್ನು ಬಿಟ್ಟರೂ ಗೊತ್ತಾಗುವುದಿಲ್ಲ. ಬೋರ್ಡಿನಲ್ಲಿ ಎಸ್‌ಎಂಎಂಯು (ಕಾರ್ಡು ಬಳಸುವ ವಿಳಾಸಗಳನ್ನು ಬದಲಿಸಿಕೊಡುವ ಘಟಕ) ಆಫ್ ಇತ್ತು, ಆರ್ಮ್‌ನ ಇಂಟರಪ್ಟ್ ಕಂಟ್ರೋಲರ್ ಜಿಐಸಿ-ವಿ3ರಲ್ಲಿ ಎಂಎಸ್‌ಐಗಳನ್ನು ಸ್ವೀಕರಿಸುವ ಭಾಗವಾದ ಐಟಿಎಸ್ ಹೆಕ್ಸ್ 8_0802_0000ದಲ್ಲಿತ್ತು. ಎಂಎಸ್‌ಐ ಬರೆಯಬೇಕಾದ ಅದರ ಟ್ರಾನ್ಸ್‌ಲೇಟರ್ ರಿಜಿಸ್ಟರ್ ಇನ್ನೂ 1_0040 ಮುಂದೆ, ಅಂದರೆ 8_0803_0040. ಕಾರ್ಡು ಮೊದಲ 8ನ್ನು ನುಂಗಿ 0803_0040ಕ್ಕೆ ಬರೆಯುತ್ತಿತ್ತು. ಅಲ್ಲಿದ್ದದ್ದು ರ್‍ಯಾಮ್! ಬಾರದ ಒಂದೊಂದು ಇಂಟರಪ್ಟೂ ಬೇರೆ ಯಾರದೋ 4 ಬೈಟ್ ಡೇಟಾ ಕೆಡಿಸುತ್ತಿತ್ತು. ಇಂಟರಪ್ಟ್ ಬರದಿರುವುದಕ್ಕಿಂತ ಇದೇ ದೊಡ್ಡ ಅಪಾಯ.

ಮೊದಲು, ಪಿಸಿಐ ಕಾರ್ಡುಗಳ ವಿವರ ತೋರಿಸುವ ಎಲ್‌ಎಸ್‌ಪಿಸಿಐ -ವಿವಿ ಕಮಾಂಡಿನ ಔಟ್‌ಪುಟ್‌ನಲ್ಲಿ, ಎಂಎಸ್‌ಐ ಸಾಲಿನ '64ಬಿಟ್' ಆದಮೇಲೆ ಪ್ಲಸ್ ಇದೆಯೋ ಮೈನಸ್ಸೋ ನೋಡಿ. ಪ್ಲಸ್ ಇದ್ದರೆ ಎಂಎಸ್‌ಐ ಕೇಪಬಿಲಿಟಿಯ (ಕಾರ್ಡಿನಲ್ಲಿ ಎಂಎಸ್‌ಐ ಸೆಟ್ಟಿಂಗ್ ಇರುವ ರಿಜಿಸ್ಟರ್‌ಗಳ ಗುಂಪು) 4ನೇ ಬೈಟಿನಿಂದ ವಿಳಾಸದ ಕೆಳ ಅರ್ಧ, 8ರಿಂದ ಮೇಲಿನ ಅರ್ಧ, 12ರಿಂದ ಡೇಟಾ. ಮೈನಸ್ ಇದ್ದರೆ 8ರಲ್ಲೇ ಡೇಟಾ. ನಮ್ಮದು ಪ್ಲಸ್ ತೋರಿಸುತ್ತಿತ್ತು, ಆದರೆ ಎಫ್‌ಪಿಜಿಎ ಲಾಜಿಕ್ 8ನೇ ಬೈಟಿನ ರಿಜಿಸ್ಟರನ್ನು ಎಲ್ಲೂ ಬಳಸುತ್ತಿರಲಿಲ್ಲ.

ಆ ರಿಜಿಸ್ಟರನ್ನು ಜೋಡಿಸಿದರಷ್ಟೇ ಸಾಲದು. ಮೇಲಿನ ಅರ್ಧದಲ್ಲಿ ಏನಾದರೂ ಇದ್ದರೆ ಆ ರೈಟನ್ನು ಒಯ್ಯುವ ಪ್ಯಾಕೆಟ್‌ನ ಹೆಡರ್ 4 ಡಬಲ್‌ವರ್ಡ್ (ಒಂದಕ್ಕೆ 4 ಬೈಟ್) ಇರಬೇಕು, ಸೊನ್ನೆಯಾದರೆ 3. ಸದಾ 4 ಕಳಿಸಿಬಿಡೋಣ ಅಂದುಕೊಳ್ಳಬೇಡಿ: 4 ಜಿಬಿಯ ಕೆಳಗಿನ ವಿಳಾಸಕ್ಕೆ 3ರ ಹೆಡರನ್ನೇ ಬಳಸಬೇಕೆಂಬುದು ಪಿಸಿಐಇ ನಿಯಮ. ಎರಡೂ ಕಡೆಯ ವಿಳಾಸ ಕೊಟ್ಟು ಸಿಮ್ಯುಲೇಷನ್ ಓಡಿಸಿ.

ಡ್ರೈವರಿನಲ್ಲೂ ಒಂದು ಕಡೆ ಇದೇ ತಪ್ಪಿತ್ತು. ಕಾರ್ಡಿನ ಡಿಎಂಎ ಎಂಜಿನ್ನಿಗೆ (ಪ್ರೊಸೆಸರ್ ನೆರವಿಲ್ಲದೆ ಡೇಟಾ ಸಾಗಿಸುವ ಭಾಗ), ಎಂಎಸ್‌ಐಯನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುವ ಬೇರೆಯದೇ ಡೋರ್‌ಬೆಲ್ ರಿಜಿಸ್ಟರ್. ಅದಕ್ಕೆ ಎಂಎಸ್‌ಐ ಸಂದೇಶವನ್ನು ನಕಲು ಮಾಡುವಾಗ ವಿಳಾಸ ಯು32, ಅಂದರೆ 32 ಬಿಟ್ ವೇರಿಯಬಲ್‌ನಲ್ಲಿ ಹೋಗುತ್ತಿತ್ತು. ಎರಡೂ ಅರ್ಧಗಳನ್ನು ಬೇರೆ ಬೇರೆ ಬರೆದೆವು, ಬರೆದು ಮುಗಿಯುವವರೆಗೆ ಎಂಜಿನ್ನಿನ ಇಂಟರಪ್ಟನ್ನು ತಡೆದಿಟ್ಟೆವು. ಇಲ್ಲದಿದ್ದರೆ ಹೊಸ ಕೆಳ ಅರ್ಧ, ಹಳೆಯ ಮೇಲಿನ ಅರ್ಧ ಸೇರಿದ ವಿಳಾಸಕ್ಕೆ ಒಂದು ರೈಟ್ ಹೊರಟುಬಿಡಬಹುದು. ಇಂಟೆಲ್‌ನಲ್ಲಿ ಇಂಟರಪ್ಟ್ ಬೇರೆ ಕೋರಿಗೆ ಹೋದರೆ ವಿಳಾಸವೇ ಬದಲಾಗಬಹುದು, ನಕಲು ಹಳತಾಗುತ್ತದೆ. ಅದಕ್ಕೇ ಆ ಇಂಟರಪ್ಟಿಗೆ, ಬೇರೆ ಕೋರಿಗೆ ಸರಿಸದಂತೆ ತಡೆಯುವ ನೋಬ್ಯಾಲೆನ್ಸಿಂಗ್ ಫ್ಲ್ಯಾಗ್ ಹಾಕಿದ್ದೇವೆ.

ಹಾರ್ಡ್‌ವೇರ್ ತಿದ್ದಲು ಆಗದ ಹಳೆಯ ಕಾರ್ಡುಗಳಿಗೆ ಎಸ್‌ಎಂಎಂಯು ಆನ್ ಮಾಡಿ ಡಿಎಂಎ ಮಾಸ್ಕ್ (ಕಾರ್ಡು ಬಳಸಬಹುದಾದ ವಿಳಾಸದ ಮಿತಿ) 32 ಬಿಟ್ ಇಟ್ಟೆವು. ಆಗ ಲಿನಕ್ಸ್ ಐಟಿಎಸ್‌ನ ಟ್ರಾನ್ಸ್‌ಲೇಟರ್ ರಿಜಿಸ್ಟರನ್ನು ಕಾರ್ಡಿಗೆ 4 ಜಿಬಿಯೊಳಗೇ ಮ್ಯಾಪ್ ಮಾಡಿಕೊಡುತ್ತದೆ.